ಓದುಗರ ಪ್ರಶ್ನೆಗಳಿಗೆ ಉತ್ತರ: ಬ್ರಿಟನ್ನಿನ ಉದ್ದ ದಿಬ್ಬಗಳಲ್ಲಿ ಮಲಗಿದವರು

ಇಂಗ್ಲೆಂಡಿನ ವಿಲ್ಟ್‌ಷೈರ್ ಪ್ರಾಂತದಲ್ಲಿರುವ ವೆಸ್ಟ್ ಕೆನೆಟ್ ಎಂಬ ನವಶಿಲಾಯುಗದ ಸಮಾಧಿ ದಿಬ್ಬದ ಚಿತ್ರವನ್ನು ಹಿಂದಿನ ಸಂಚಿಕೆಯಲ್ಲಿ ಪ್ರಕಟಿಸಿದ್ದೆವು. ಅದನ್ನು ಕುರಿತು ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ. ಇಂಗ್ಲಿಷಿನಲ್ಲಿ ‘ಲಾಂಗ್ ಬ್ಯಾರೋ’ ಎಂದು ಕರೆಯುವ ಈ ಸ್ಮಾರಕಗಳನ್ನು ಅಂಕಣದ ಉದ್ದಕ್ಕೂ ‘ಉದ್ದ ದಿಬ್ಬ’ ಎಂದೇ ಬರೆಯಲಾಗಿದೆ.

ಪ್ರಶ್ನೆ: ಚಿತ್ರದಲ್ಲಿ ಕಾಣುವುದು ನಮ್ಮ ಊರಿನ ಕೆರೆ ಏರಿಯಂತಹ, ಹುಲ್ಲು ಬೆಳೆದ ಒಂದು ದಿಬ್ಬ ಅಷ್ಟೇ. ಅದು ಸಮಾಧಿ ಎಂದು ಹೇಗೆ ಹೇಳುತ್ತಾರೆ? ಅದರ ವಯಸ್ಸೆಷ್ಟು?
(ಪ್ರೌಢಶಾಲಾ ಶಿಕ್ಷಕಿ, ಹಾವೇರಿ)

ಉತ್ತರ: ಹೊರಗಿನಿಂದ ನೋಡಿದವರಿಗೆ ಹಾಗೆ ಕಾಣುವುದು ಸಹಜ. ವೆಸ್ಟ್ ಕೆನೆಟ್ ದಿಬ್ಬದ ಉದ್ದ ಸುಮಾರು 100 ಮೀಟರ್. ಅಷ್ಟು ಉದ್ದದ ರಚನೆಯಲ್ಲಿ ಮನುಷ್ಯರನ್ನು ಇಟ್ಟಿರುವುದು ಪೂರ್ವದ ತುದಿಯಲ್ಲಿ ಮಾತ್ರ. ಅಲ್ಲಿ ದೊಡ್ಡ ಬಂಡೆಗಳನ್ನು ನಿಲ್ಲಿಸಿ, ಮೇಲೆ ಚಪ್ಪಡಿ ಹೊದಿಸಿ ಮಾಡಿದ ಓಣಿಯೊಂದು ದಿಬ್ಬದ ಒಳಗೆ ಸುಮಾರು 12 ಮೀಟರ್ ಸಾಗುತ್ತದೆ. ಅದರ ಎಡಬಲಗಳಲ್ಲಿ ಎರಡೆರಡು, ಕೊನೆಯಲ್ಲಿ ಒಂದು, ಹೀಗೆ ಒಟ್ಟು ಐದು ಕೋಣೆಗಳಿವೆ. 1859ರಲ್ಲಿ ಜಾನ್ ಥರ್ನಮ್ ಎಂಬ ವೈದ್ಯರು ಕೊನೆಯ ಕೋಣೆಯನ್ನು ಅಗೆದರು. ಉಳಿದ ನಾಲ್ಕು ಕೋಣೆಗಳು 1955-56ರಲ್ಲಿ ಸ್ಟುಅರ್ಟ್ ಪಿಗಟ್ ಮತ್ತು ರಿಚರ್ಡ್ ಅಟ್ಕಿನ್‌ಸನ್ ನಡೆಸಿದ ಉತ್ಖನನದಲ್ಲಿ ಬೆಳಕಿಗೆ ಬಂದವು. ಒಟ್ಟಾರೆ ಕನಿಷ್ಠ 36 ಮಂದಿಯ ಅಸ್ಥಿಗಳು ಅಲ್ಲಿದ್ದವೆಂದು ಈಗ ಲೆಕ್ಕ ಹಾಕಲಾಗಿದೆ. ದಿಬ್ಬದ ಉಳಿದ ಭಾಗವೆಲ್ಲ ಮಣ್ಣು, ಸೀಮೆಸುಣ್ಣದ ಕಲ್ಲು ಮತ್ತು ಬಂಡೆಗಳ ರಾಶಿ; ಅಲ್ಲಿ ಯಾರನ್ನೂ ಹೂಳಿಲ್ಲ. ಶವವನ್ನಿಡಲು ಬೇಕಾದ ಜಾಗಕ್ಕಿಂತ ಹಲವು ಪಟ್ಟು ಹೆಚ್ಚು ಜಾಗವನ್ನು ಆ ಜನ ಏಕೆ ಕಟ್ಟಿದರು ಎಂಬುದೇ ಈ ಸ್ಮಾರಕಗಳನ್ನು ಕುರಿತ ಮೊದಲ ಪ್ರಶ್ನೆ. ಅದಕ್ಕೆ ಮುಂದೆ ಬರುತ್ತೇನೆ.

ಕಾಲದ ವಿಷಯ. ಬ್ರಿಟನ್ನಿನಲ್ಲಿ ಬೇಸಾಯ ಮತ್ತು ಪಶುಪಾಲನೆ ಕಾಲಿಟ್ಟದ್ದು ಕ್ರಿ.ಪೂ. 4000ದ ಆಸುಪಾಸಿನಲ್ಲಿ. ಅದರ ಬೆನ್ನಿಗೇ, ಸುಮಾರು ಕ್ರಿ.ಪೂ. 3800ರಿಂದ 3400ರ ನಡುವೆ, ಉದ್ದ ದಿಬ್ಬಗಳಲ್ಲಿ ಹೆಚ್ಚಿನವು ಎದ್ದವು. ವೆಸ್ಟ್ ಕೆನೆಟ್‌ನದು ಕ್ರಿ.ಪೂ. 3650ರ ಸುಮಾರಿನದು. ಅಂದರೆ ಈಜಿಪ್ಟಿನ ಮಹಾ ಪಿರಮಿಡ್ಡಿಗಿಂತ, ಹರಪ್ಪ ಮತ್ತು ಮೊಹೆಂಜೊದಾರೊ ನಗರಗಳ ಏಳಿಗೆಯ ಕಾಲಕ್ಕಿಂತ ಅದು ಸಾವಿರ ವರ್ಷ ಹಳೆಯದು. ಸ್ಟೋನ್‌ಹೆಂಜಿನ ಬಂಡೆಗಳು ನಿಲ್ಲುವ ಹೊತ್ತಿಗೆ ಉದ್ದ ದಿಬ್ಬಗಳು ಆ ಜನರಿಗೇ ಬಹಳ ಪುರಾತನವಾದ ಸಂಗತಿಗಳಾಗಿದ್ದವು. ಇಂಗ್ಲೆಂಡೊಂದರಲ್ಲೇ ಇಂತಹ ಸುಮಾರು 500 ದಿಬ್ಬಗಳು ದಾಖಲಾಗಿವೆ. ಅನೇಕವು ನೇಗಿಲು ಮತ್ತು ಟ್ರ್ಯಾಕ್ಟರುಗಳ ಕೆಳಗೆ ಸಮತಟ್ಟಾಗಿ ಹೋಗಿದ್ದು, ವಿಮಾನದಿಂದ ತೆಗೆದ ಚಿತ್ರಗಳಲ್ಲಿ ಪೈರಿನ ಬಣ್ಣದ ವ್ಯತ್ಯಾಸದಿಂದ ಮಾತ್ರ ಅವುಗಳ ಇರವು ತಿಳಿಯುತ್ತದೆ.

ಪ್ರಶ್ನೆ: ಲೋಹವೇ ಗೊತ್ತಿಲ್ಲದ ಕಾಲದಲ್ಲಿ ಇಷ್ಟು ದೊಡ್ಡ ಕೆಲಸವನ್ನು ಮಾಡಿಸಿದವರು ರಾಜರೇ? ಎಷ್ಟು ಜನ ಬೇಕಾಗಿರಬಹುದು?
(ಸಿವಿಲ್ ಎಂಜಿನಿಯರ್, ದಾವಣಗೆರೆ)

ಉತ್ತರ: ರಾಜರಿದ್ದರೆಂಬುದಕ್ಕೆ ಯಾವ ಆಧಾರವೂ ಇಲ್ಲ, ಅವರ ಅಗತ್ಯವೂ ಇರಲಿಲ್ಲ. ಪುರಾತತ್ವಜ್ಞ ಕಾಲಿನ್ ರೆನ್‌ಫ್ರೂ ಅವರು 1973ರಲ್ಲಿ ಮಾಡಿದ ಅಂದಾಜಿನಂತೆ ಒಂದು ಸಾಧಾರಣ ಉದ್ದ ದಿಬ್ಬಕ್ಕೆ ಸುಮಾರು 10,000 ಗಂಟೆಗಳ ಮಾನವ ಶ್ರಮ ಬೇಕಾಗುತ್ತದೆ. ದಿನಕ್ಕೆ 10 ಗಂಟೆಯಂತೆ 20 ಜನ 50 ದಿನ ದುಡಿದರೆ ಮುಗಿಯುವ ಕೆಲಸ ಅದು. ಬಿತ್ತನೆಗೂ ಕೊಯ್ಲಿಗೂ ನಡುವಿನ ಬಿಡುವಿನಲ್ಲಿ ನಾಲ್ಕಾರು ಕುಟುಂಬಗಳು ಕೂಡಿದರೆ, ನೆರೆಯವರು ಕೈಜೋಡಿಸಿದರೆ ಸಾಕು. ಆದರೆ ಅಷ್ಟು ದಿನ ದುಡಿಯುವವರಿಗೆ ಊಟ ಹಾಕುವಷ್ಟು ಕಾಳು ಮತ್ತು ದನ ಆ ಕುಟುಂಬಗಳ ಬಳಿ ಇರಬೇಕಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಉಪಕರಣಗಳು ಸರಳ. ಕೆಂಪು ಜಿಂಕೆಯ ಕೊಂಬು ಗುದ್ದಲಿಯ ಕೆಲಸ ಮಾಡುತ್ತಿತ್ತು, ಎತ್ತಿನ ಹೆಗಲ ಮೂಳೆ ಸಲಿಕೆಯಾಗುತ್ತಿತ್ತು, ಮಣ್ಣು ಹೊರಲು ಬುಟ್ಟಿಗಳಿದ್ದವು, ಮರ ಕಡಿಯಲು ನುಣುಪಾಗಿ ಉಜ್ಜಿದ ಕಲ್ಲಿನ ಕೊಡಲಿಗಳಿದ್ದವು. ಸಾಮಾನ್ಯವಾಗಿ ದಿಬ್ಬದ ಎರಡೂ ಪಕ್ಕಗಳಲ್ಲಿ ಉದ್ದುದ್ದಕ್ಕೆ ಕಂದಕ ತೋಡಿ, ಅಲ್ಲಿಂದ ತೆಗೆದ ಸೀಮೆಸುಣ್ಣದ ಕಲ್ಲುಮಣ್ಣನ್ನೇ ನಡುವೆ ಸುರಿಯುತ್ತಿದ್ದರು. ಹೊಸದಾಗಿ ಕಟ್ಟಿದಾಗ ಈ ದಿಬ್ಬಗಳು ಹಸಿರಾಗಿರಲಿಲ್ಲ; ಅಪ್ಪಟ ಬಿಳಿಯಾಗಿದ್ದವು. ಇಂತಹ ಏರಿಗಳು ಕಾಲಕ್ರಮದಲ್ಲಿ ಹೇಗೆ ಕುಸಿಯುತ್ತವೆ, ಒಳಗೆ ಹೂತ ವಸ್ತುಗಳು ಹೇಗೆ ಕೊಳೆಯುತ್ತವೆ ಎಂಬುದನ್ನು ಅರಿಯಲು 1960ರಲ್ಲಿ ವಿಲ್ಟ್‌ಷೈರ್‌ನ ಓವರ್ಟನ್ ಡೌನ್ ಎಂಬಲ್ಲಿ ಪ್ರಾಯೋಗಿಕವಾಗಿ ಒಂದು ಏರಿಯನ್ನೂ ಕಂದಕವನ್ನೂ ನಿರ್ಮಿಸಲಾಯಿತು. 2, 4, 8, 16, 32, 64 ಮತ್ತು 128 ವರ್ಷಗಳಾದಾಗ ಅದನ್ನು ಅಡ್ಡಲಾಗಿ ಕತ್ತರಿಸಿ ನೋಡಬೇಕೆಂಬುದು ಮೂಲ ಯೋಜನೆ. ಕೊನೆಯ ಫಲಿತಾಂಶವನ್ನು ತಾವು ಕಾಣಲಾರೆವೆಂದು ತಿಳಿದೂ ಇಂತಹ ಪ್ರಯೋಗವನ್ನು ಹೂಡಿದ ವಿದ್ವಾಂಸರ ತಾಳ್ಮೆಗೆ ನಾನು ತಲೆಬಾಗುತ್ತೇನೆ.

ಎಲ್ಲ ಉದ್ದ ದಿಬ್ಬಗಳಲ್ಲೂ ಕಲ್ಲಿನ ಕೋಣೆಗಳಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಕಾಟ್ಸ್‌ವೋಲ್ಡ್ ಬೆಟ್ಟಗಳ ಕಡೆ ಒಳ್ಳೆಯ ಸುಣ್ಣಕಲ್ಲು ಸಿಗುತ್ತಿದ್ದುದರಿಂದ ಅಲ್ಲಿ ಕಲ್ಲಿನ ಕೋಣೆ ಕಟ್ಟಿದರು. ದೊಡ್ಡ ಕಲ್ಲು ಸುಲಭವಾಗಿ ಸಿಗದ ಸೀಮೆಸುಣ್ಣದ ಬಯಲುಗಳಲ್ಲಿ ಮರದ ದಿಮ್ಮಿಗಳಿಂದ ಪೆಟ್ಟಿಗೆಯಂತಹ ಶವಾಗಾರ ಮಾಡಿದರು. ಮರ ಕೊಳೆತು ಹೋಗಿ, ಅದು ನಿಂತಿದ್ದ ಕುಳಿಗಳು ಮಾತ್ರ ಉಳಿದಿವೆ. ಸಾಲಿಸ್‌ಬರಿಯ ಸಮೀಪದ ಫಸೆಲ್ಸ್ ಲಾಡ್ಜ್ ಎಂಬ ದಿಬ್ಬವನ್ನು 1957ರಲ್ಲಿ ಪಾಲ್ ಆಶ್‌ಬೀ ಉತ್ಖನನ ಮಾಡಿದಾಗ ಈ ಮರದ ಪರಂಪರೆ ಸ್ಪಷ್ಟವಾಗಿ ಕಾಣಿಸಿತು.

ಪ್ರಶ್ನೆ: ಕೋಣೆಗಳೊಳಗೆ ಮೂಳೆಗಳೆಲ್ಲ ಬೆರೆತು ಬಿದ್ದಿದ್ದವೆಂದು ಓದಿದ್ದೇನೆ. ಇದು ನರಬಲಿಯೇ? ಅಥವಾ ಸತ್ತವರನ್ನು ಅಗೌರವದಿಂದ ಕಂಡರೆಂದು ಅರ್ಥವೇ?
(ನಿವೃತ್ತ ಬ್ಯಾಂಕ್ ಉದ್ಯೋಗಿ, ಮೈಸೂರು)

ಉತ್ತರ: ನರಬಲಿ ಎಂಬ ಊಹೆ ಹಳೆಯದು. ಮೇಲೆ ಹೇಳಿದ ಥರ್ನಮ್ ಅವರೇ ಒಡೆದ ತಲೆಬುರುಡೆಗಳನ್ನು ಕಂಡು, ಒಡೆಯ ಸತ್ತಾಗ ಆಳುಗಳನ್ನು ಕೊಂದು ಜೊತೆಗಿಟ್ಟಿರಬೇಕೆಂದು ಬರೆದರು. ಇಂದಿನ ಪರೀಕ್ಷೆಗಳು ಅದನ್ನು ಒಪ್ಪುವುದಿಲ್ಲ. ಬುರುಡೆಗಳಲ್ಲಿ ಹಲವು ಒಡೆದದ್ದು ಸತ್ತ ಬಹುಕಾಲದ ಮೇಲೆ, ಮಣ್ಣು ಮತ್ತು ಕಲ್ಲಿನ ಭಾರದಿಂದ. ಆದರೆ ಆ ಸಮಾಜದಲ್ಲಿ ಹಿಂಸೆ ಇತ್ತೆಂಬುದು ನಿಜ. ಕೆಲವು ಬುರುಡೆಗಳಲ್ಲಿ ಪೆಟ್ಟು ಬಿದ್ದು ವಾಸಿಯಾದ ಗುರುತುಗಳಿವೆ, ಕೆಲವಲ್ಲಿ ವಾಸಿಯಾಗದೆ ಪ್ರಾಣ ಹೋದ ಗುರುತುಗಳಿವೆ. ಆಕ್ಸ್‌ಫರ್ಡ್‌ಷೈರ್‌ನ ವೇಲ್ಯಾಂಡ್ಸ್ ಸ್ಮಿಥಿ ಎಂಬ ದಿಬ್ಬದ ಮೊದಲ ಹಂತದಲ್ಲಿ ಮರದ ಶವಾಗಾರವೊಂದರಲ್ಲಿ 14 ಮಂದಿಯನ್ನು ಇಡಲಾಗಿತ್ತು. ಅವರಲ್ಲಿ ಹೆಚ್ಚಿನವರು ಗಂಡಸರು, ಅವರಲ್ಲಿ ಮೂವರು ಬಾಣ ತಗುಲಿ ಸತ್ತಿರಬಹುದೆಂದು ಸಂಶೋಧಕರು ತೀರ್ಮಾನಿಸಿದ್ದಾರೆ. ಅದು ಬಲಿಯಲ್ಲ, ನೆರೆಹೊರೆಯ ಜಗಳದ ಅಥವಾ ದಾಳಿಯ ಕಥೆ.

ಮೂಳೆಗಳು ಬೆರೆತಿರುವುದಕ್ಕೆ ಎರಡು ವಿವರಣೆಗಳಿವೆ. ಶವವನ್ನು ಮೊದಲು ಬಯಲಿನಲ್ಲಿ ಅಥವಾ ಅಟ್ಟದ ಮೇಲೆ ಇಟ್ಟು, ಮಾಂಸ ಕರಗಿದ ಮೇಲೆ ಮೂಳೆಗಳನ್ನು ಮಾತ್ರ ಆಯ್ದು ತಂದು ಕೋಣೆಯಲ್ಲಿಡುತ್ತಿದ್ದರು ಎಂಬುದು ಒಂದು. ಪೂರ್ಣ ಶವವನ್ನೇ ಕೋಣೆಯೊಳಗೆ ಇಡುತ್ತಿದ್ದರು, ಮತ್ತೊಬ್ಬರು ಸತ್ತಾಗ ಹಳೆಯ ಮೂಳೆಗಳನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡುತ್ತಿದ್ದರು ಎಂಬುದು ಇನ್ನೊಂದು. ಒಂದು ಕಾಲಕ್ಕೆ ಮೊದಲನೆಯ ವಿವರಣೆಯನ್ನೇ ಎಲ್ಲ ದಿಬ್ಬಗಳಿಗೂ ಅನ್ವಯಿಸುತ್ತಿದ್ದರು. ಮೂಳೆಗಳನ್ನು ಒಂದೊಂದಾಗಿ ಮರುಪರೀಕ್ಷಿಸಿದ ಮೇಲೆ ಹಲವು ಕಡೆ ಎರಡನೆಯದೇ ಹೆಚ್ಚು ಹೊಂದುತ್ತದೆಂದು ಕಂಡುಬಂದಿದೆ. ಕೈಕಾಲಿನ ಬೆರಳುಗಳ ಸಣ್ಣಪುಟ್ಟ ಮೂಳೆಗಳೂ ಕೋಣೆಯಲ್ಲಿ ಸಿಗುವುದು ಇದಕ್ಕೆ ಒಂದು ಮುಖ್ಯ ಸಾಕ್ಷ್ಯ, ಏಕೆಂದರೆ ಬೇರೆಡೆಯಿಂದ ಆಯ್ದು ತಂದಿದ್ದರೆ ಅಂತಹ ಚಿಕ್ಕ ಮೂಳೆಗಳು ಅಲ್ಲಿಯೇ ಉಳಿದು ಹೋಗುತ್ತಿದ್ದವು.

ಅಗೌರವ ಎಂಬ ಮಾತನ್ನು ನಾನು ಒಪ್ಪಲಾರೆ. ವೆಸ್ಟ್ ಕೆನೆಟ್‌ನಲ್ಲಿ ತಲೆಬುರುಡೆಗಳೂ ತೊಡೆ ಮೂಳೆಯಂತಹ ಉದ್ದ ಮೂಳೆಗಳೂ ಇರಬೇಕಾದಷ್ಟು ಸಂಖ್ಯೆಯಲ್ಲಿ ಇರಲಿಲ್ಲವೆಂದು ಪಿಗಟ್ ಗಮನಿಸಿದರು. ಡಾರ್ಸೆಟ್‌ನ ಹ್ಯಾಂಬಲ್ಡನ್ ಹಿಲ್ ಎಂಬಲ್ಲಿ, ಅದೇ ಕಾಲದ ಜನ ಸೇರುತ್ತಿದ್ದ ಆವರಣದ ಕಂದಕದ ತಳದಲ್ಲಿ, ಬರಿಯ ತಲೆಬುರುಡೆಗಳು ಸಿಕ್ಕಿವೆ. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಹಿರಿಯರ ಮೂಳೆಗಳನ್ನು ಬದುಕಿರುವವರು ಹೊರತೆಗೆದು, ತಮ್ಮ ಕೂಟಗಳಿಗೆ ಒಯ್ದು, ಬಹುಶಃ ಕೈಯಿಂದ ಕೈಗೆ ಉಳಿಸಿಕೊಂಡು ಬಂದರೆಂದು ಊಹಿಸಲು ಅವಕಾಶವಿದೆ. ಸತ್ತವರು ಆ ಜನರ ನಡುವಿನಿಂದ ದೂರವಾಗಿರಲಿಲ್ಲ. ಕೋಣೆಯ ಬಾಗಿಲು ತೆರೆದಿರುತ್ತಿದ್ದುದೇ ಒಳಗೆ ಹೋಗಿ ಬರುವುದಕ್ಕಾಗಿ.

ಪ್ರಶ್ನೆ: ಇಂತಹ ಸಮಾಧಿಗಳನ್ನು ಸಾವಿರಾರು ವರ್ಷ ಬಳಸಿದರೆಂದು ಹಳೆಯ ಪುಸ್ತಕಗಳಲ್ಲಿದೆ. ಹೊಸ ಲೇಖನಗಳು ಕೆಲವೇ ದಶಕ ಎನ್ನುತ್ತವೆ. ಯಾವುದು ಸರಿ?
(ಇತಿಹಾಸ ಸ್ನಾತಕೋತ್ತರ ವಿದ್ಯಾರ್ಥಿ, ಧಾರವಾಡ)

ಉತ್ತರ: ಹೊಸದೇ ಸರಿ. ಹಳೆಯ ಮೂಳೆ, ಮರಗಳಲ್ಲಿ ಉಳಿದಿರುವ ವಿಕಿರಣಶೀಲ ಇಂಗಾಲವನ್ನು ಅಳೆದು ಕಾಲ ತಿಳಿಯುವ ರೇಡಿಯೊ ಕಾರ್ಬನ್ ವಿಧಾನವು 1949ರಲ್ಲಿ ವಿಲ್ಲರ್ಡ್ ಲಿಬ್ಬಿ ಅವರಿಂದ ಬಂದಿತು, ಆಮೇಲೆ ಮರದ ಬೆಳವಣಿಗೆಯ ಉಂಗುರಗಳನ್ನು ಎಣಿಸಿ ಅದರ ಲೆಕ್ಕವನ್ನು ತಿದ್ದಲಾಯಿತು, ಆಗ ಕ್ರಿ.ಪೂ. 2000ದ ಆಸುಪಾಸಿನವೆಂದು ನಂಬಿದ್ದ ಈ ದಿಬ್ಬಗಳು ಒಮ್ಮೆಲೇ ಒಂದೂವರೆ ಸಾವಿರ ವರ್ಷ ಹಿಂದಕ್ಕೆ ಸರಿದವು. ಆದರೆ ಒಂದೊಂದು ಮೂಳೆಯ ಕಾಲವೂ ನೂರು ಇನ್ನೂರು ವರ್ಷಗಳ ಅಂತರದಲ್ಲಿ ಮಾತ್ರ ತಿಳಿಯುತ್ತಿದ್ದುದರಿಂದ, ಎಲ್ಲವನ್ನೂ ಒಟ್ಟಿಗೆ ನೋಡಿದಾಗ ಬಳಕೆ ಶತಮಾನಗಟ್ಟಲೆ ನಡೆದಂತೆ ಭಾಸವಾಗುತ್ತಿತ್ತು. ಅಲಸ್ಡೇರ್ ವಿಟ್ಲ್, ಅಲೆಕ್ಸ್ ಬೇಲಿಸ್ ಮತ್ತು ಅವರ ಸಂಗಡಿಗರು ಹಲವು ಮಾದರಿಗಳ ಕಾಲವನ್ನು ಅಳೆದು, ಯಾವ ಪದರ ಕೆಳಗಿತ್ತು, ಯಾವುದು ಮೇಲಿತ್ತು ಎಂಬ ಉತ್ಖನನದ ಮಾಹಿತಿಯನ್ನು ಸಂಖ್ಯಾಶಾಸ್ತ್ರದ ಮೂಲಕ ಅದರೊಡನೆ ಜೋಡಿಸಿ, 2007ರಲ್ಲಿ ಐದು ಉದ್ದ ದಿಬ್ಬಗಳ ಕಾಲವನ್ನು ಹೊಸದಾಗಿ ಪ್ರಕಟಿಸಿದರು. ವೆಸ್ಟ್ ಕೆನೆಟ್‌ನ ಆ 36 ಮಂದಿಯನ್ನು ಹತ್ತರಿಂದ ಮೂವತ್ತು ವರ್ಷಗಳ ಒಳಗೇ ಇಡಲಾಗಿತ್ತೆಂದು ಅದರಿಂದ ತಿಳಿಯಿತು. ಒಂದು ತಲೆಮಾರು, ಅಷ್ಟೇ.

ಇದು ಕೇವಲ ಅಂಕಿಯ ತಿದ್ದುಪಡಿಯಲ್ಲ. ಸಾವಿರ ವರ್ಷ ತೆರೆದಿದ್ದ ಕೋಣೆಯೆಂದರೆ ಅದರೊಳಗಿನವರು ಬದುಕಿದ್ದವರಿಗೆ ಹೆಸರಿಲ್ಲದ ಪೂರ್ವಜರು. ಮೂವತ್ತು ವರ್ಷ ಬಳಸಿದ ಕೋಣೆಯೆಂದರೆ ಅಲ್ಲಿರುವವರೆಲ್ಲ ಒಬ್ಬರಿಗೊಬ್ಬರು ಮುಖ ಕಂಡವರು. ಅವರನ್ನು ಹೊತ್ತು ತಂದವರಿಗೆ ತಾಯಿ, ಅಣ್ಣ, ಮಗು. ವೇಲ್ಯಾಂಡ್ಸ್ ಸ್ಮಿಥಿಯ 14 ಮಂದಿಯನ್ನು ಇಟ್ಟದ್ದೂ ಇನ್ನೂ ಕಡಿಮೆ ಅವಧಿಯಲ್ಲೇ ಇರಬೇಕು. ಅಲ್ಲಿ ಆಮೇಲೆ ಸ್ವಲ್ಪ ಕಾಲ ಕೆಲಸ ನಿಂತು, ಕ್ರಿ.ಪೂ. 3460ರಿಂದ 3400ರ ನಡುವೆ ಹಳೆಯ ದಿಬ್ಬವನ್ನು ಪೂರ್ತಿಯಾಗಿ ಮುಚ್ಚುವಂತೆ ಕಲ್ಲಿನ ಕೋಣೆಗಳುಳ್ಳ, 50 ಮೀಟರಿಗೂ ಉದ್ದದ ಹೊಸ ದಿಬ್ಬವನ್ನು ಕಟ್ಟಿದರು. ವೆಸ್ಟ್ ಕೆನೆಟ್‌ನಲ್ಲಿ ಮೊದಲ ಬಳಕೆ ಮುಗಿದ ಎಷ್ಟೋ ಕಾಲದ ಮೇಲೂ ಜನ ಬಂದು ಮಡಕೆಯ ಚೂರು, ಮಣ್ಣು, ಸೀಮೆಸುಣ್ಣದ ಕಲ್ಲುಗಳನ್ನು ಕೋಣೆಗಳಿಗೆ ತುಂಬುತ್ತಲೇ ಹೋದರು. ಕಡೆಗೆ ಭಾರಿ ಬಂಡೆಗಳನ್ನು ಬಾಗಿಲಿಗೆ ಅಡ್ಡ ನಿಲ್ಲಿಸಿ ಮುಚ್ಚಿದರು. ಹಳೆಯ ಪುಸ್ತಕಗಳು ಹೇಳಿದ ದೀರ್ಘಕಾಲ ಈ ತುಂಬುವಿಕೆಗೆ ಮಾತ್ರ ಸಲ್ಲುತ್ತದೆ.

ಪ್ರಶ್ನೆ: ಇಲ್ಲಿ ಇಟ್ಟವರೆಲ್ಲ ಒಂದೇ ಕುಟುಂಬದವರೆಂದು ಡಿಎನ್‌ಎ ಪರೀಕ್ಷೆಯಿಂದ ತಿಳಿದಿದೆಯಂತೆ. ವಿವರವಾಗಿ ತಿಳಿಸುವಿರಾ? ಹೆಣ್ಣುಮಕ್ಕಳ ಸ್ಥಾನ ಹೇಗಿತ್ತು?
(ಪಿಯುಸಿ ವಿದ್ಯಾರ್ಥಿನಿ, ಶಿರಸಿ)

ಉತ್ತರ: ನೀನು ಕೇಳಿರುವುದು ಗ್ಲಾಸ್ಟರ್‌ಷೈರ್‌ನ ಹೇಜಲ್ಟನ್ ನಾರ್ತ್ ಎಂಬ ದಿಬ್ಬದ ವಿಷಯ. ಉಳುಮೆಯಿಂದ ಹಾಳಾಗುತ್ತಿದ್ದ ಈ ದಿಬ್ಬವನ್ನು 1979ರಿಂದ 1982ರವರೆಗೆ ಅಲನ್ ಸ್ಯಾವಿಲ್ ಬಹಳ ಎಚ್ಚರದಿಂದ ಉತ್ಖನನ ಮಾಡಿದರು. ಸುಮಾರು ಕ್ರಿ.ಪೂ. 3700ರ ಬಳಿಕ ಕಟ್ಟಿದ ಈ ದಿಬ್ಬದಲ್ಲಿ ಉತ್ತರಕ್ಕೊಂದು, ದಕ್ಷಿಣಕ್ಕೊಂದು, ಬೇರೆ ಬೇರೆ ಬಾಗಿಲುಗಳಿರುವ ಎರಡು ಕೋಣೆಗಳಿದ್ದವು. ಅಲ್ಲಿನ ಮೂಳೆ ಮತ್ತು ಹಲ್ಲುಗಳನ್ನು ಜೋಪಾನವಾಗಿ ಇಟ್ಟಿದ್ದುದರಿಂದಲೇ ನಾಲ್ಕು ದಶಕಗಳ ನಂತರ, ಉತ್ಖನನದ ಕಾಲದಲ್ಲಿ ಯಾರೂ ಊಹಿಸದಿದ್ದ ಪರೀಕ್ಷೆ ಸಾಧ್ಯವಾಯಿತು. ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಕ್ರಿಸ್ ಫೌಲರ್ ಮತ್ತು ಹಲವು ದೇಶಗಳ ತಳಿವಿಜ್ಞಾನಿಗಳು ಸೇರಿ 35 ಮಂದಿಯ ಡಿಎನ್‌ಎಯನ್ನು ಓದಿ, ಫಲಿತಾಂಶವನ್ನು 2021ರ ಕೊನೆಯಲ್ಲಿ ಪ್ರಕಟಿಸಿದರು.

ಆ 35 ಮಂದಿಯಲ್ಲಿ 27 ಮಂದಿ ಐದು ತಲೆಮಾರುಗಳ ಒಂದೇ ಮನೆತನದವರು. ಆ ಮನೆತನಕ್ಕೆ ಒಬ್ಬ ಮೂಲಪುರುಷ. ಅವನಿಂದ ನಾಲ್ವರು ಸ್ತ್ರೀಯರಲ್ಲಿ ಮಕ್ಕಳಾಗಿದ್ದರು. ಆ ನಾಲ್ವರು ಅವನ ಜೊತೆ ಒಂದೇ ಕಾಲಕ್ಕೆ ಇದ್ದರೋ, ಒಬ್ಬರ ನಂತರ ಒಬ್ಬರು ಬಂದರೋ ಎಂಬುದನ್ನು ಡಿಎನ್‌ಎ ಹೇಳಲಾರದು. ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಎಂಬಂತೆ ಅಲ್ಲಿ ವಂಶ ಸಾಗಿದೆ. ಒಂದು ತಲೆಮಾರಿನಿಂದ ಮುಂದಿನದಕ್ಕೆ ಹೋದ 15 ಕೊಂಡಿಗಳಲ್ಲಿ ಹದಿನೈದೂ ಗಂಡಸರ ಮೂಲಕವೇ ಹೋಗಿವೆ. ಮನೆತನದ ಹೆಣ್ಣುಮಕ್ಕಳಲ್ಲಿ ಬಾಲ್ಯದಲ್ಲೇ ತೀರಿಕೊಂಡ ಇಬ್ಬರು ಅಲ್ಲಿದ್ದಾರೆ, ಬೆಳೆದು ದೊಡ್ಡವರಾದ ಒಬ್ಬಳೂ ಇಲ್ಲ. ಅವರು ಬೇರೆ ಮನೆಗಳಿಗೆ ಹೋಗಿ ಗಂಡಂದಿರ ಕಡೆಯ ಸಮಾಧಿಗಳಲ್ಲಿ ಸೇರಿರಬೇಕೆಂಬುದು ಸಂಶೋಧಕರ ಊಹೆ.

ಇಷ್ಟನ್ನೇ ಓದಿ, ಅದು ಸಂಪೂರ್ಣ ಗಂಡಸರ ಸಮಾಜವಾಗಿತ್ತೆಂದು ಕೆಲವರು ಬರೆದುಬಿಟ್ಟರು. ಹೇಜಲ್ಟನ್‌ನ ನಿಜವಾದ ಸೋಜಿಗ ಅದರಾಚೆ ಇದೆ. ಯಾರನ್ನು ಯಾವ ಕೋಣೆಯಲ್ಲಿ ಇಡಬೇಕೆಂಬುದು ತಾಯಿಯನ್ನು ನೋಡಿ ತೀರ್ಮಾನವಾಗುತ್ತಿತ್ತು. ಇಬ್ಬರು ಸ್ತ್ರೀಯರ ಸಂತಾನವನ್ನು ದಕ್ಷಿಣದ ಕೋಣೆಯಲ್ಲೂ ಉಳಿದಿಬ್ಬರ ಸಂತಾನವನ್ನು ಉತ್ತರದ ಕೋಣೆಯಲ್ಲೂ ಇಟ್ಟಿದ್ದಾರೆ. ಉತ್ತರದ ಓಣಿ ಕುಸಿದು ಒಳಗೆ ಹೋಗಲಾಗದಂತಾದ ಮೇಲೆ ಮಾತ್ರ ಆ ಕಡೆಯ ಕೆಲವರನ್ನು ದಕ್ಷಿಣಕ್ಕೆ ತಂದಿದ್ದಾರೆ. ಅಂದರೆ ಅಜ್ಜಿಯ, ಮುತ್ತಜ್ಜಿಯ ನೆನಪು ಆ ಮನೆತನದಲ್ಲಿ ತಲೆಮಾರುಗಳ ಕಾಲ ಅಳಿಯದೆ ಉಳಿದಿತ್ತು. ಎರಡು ಕವಲುಗಳಾಗಿ ಒಡೆದದ್ದೂ ಅವರ ಹೆಸರಿನಲ್ಲೇ.

ಇನ್ನೊಂದು ಸಂಗತಿ ನನ್ನ ಮನಸ್ಸನ್ನು ಹೆಚ್ಚು ತಟ್ಟಿತು. ತಾಯಿ ಸಮಾಧಿಯಲ್ಲಿದ್ದು, ಹುಟ್ಟಿಸಿದ ತಂದೆ ಆ ಮನೆತನದವನಲ್ಲದ ಕೆಲವು ಗಂಡುಮಕ್ಕಳು ಅಲ್ಲಿದ್ದಾರೆ. ತಾಯಿಯೊಡನೆ ಬಂದ ಮಲಮಕ್ಕಳನ್ನು ಆ ಮನೆಯವರು ತಮ್ಮವರೆಂದೇ ಒಪ್ಪಿಕೊಂಡು, ಸತ್ತಾಗ ಒಡಹುಟ್ಟಿದವರ ಪಕ್ಕದಲ್ಲೇ ಮಲಗಿಸಿದ್ದಾರೆ. ಇವರಲ್ಲದೆ, ಯಾವ ರಕ್ತಸಂಬಂಧವೂ ಕಾಣದ ಎಂಟು ಮಂದಿ ಇದ್ದಾರೆ. ಮಕ್ಕಳಾಗದ ಸೊಸೆಯರು ಅವರಲ್ಲಿರಬಹುದು, ಮನೆಯಲ್ಲಿ ಸೇರಿಕೊಂಡವರಿರಬಹುದು. ಐದೂವರೆ ಸಾವಿರ ವರ್ಷಗಳ ಹಿಂದೆ ಬಂಧುತ್ವವೆಂಬುದು ಕೇವಲ ರಕ್ತವಾಗಿರಲಿಲ್ಲವೆಂದು, ರಕ್ತವನ್ನೇ ಅಳೆಯುವ ವಿಜ್ಞಾನದಿಂದ ತಿಳಿದುಬಂದಿದೆ. ಉತ್ತರದ ಬಾಗಿಲಿನ ಬಳಿ ಇಟ್ಟಿದ್ದ ಗಂಡಸೊಬ್ಬನ ಅಸ್ಥಿಪಂಜರ ಮಾತ್ರ ಪೂರ್ಣವಾಗಿ ಉಳಿದಿತ್ತು. ಅವನ ಜೊತೆ ಚಕಮಕಿ ಕಲ್ಲಿನ ಗಟ್ಟಿಯೊಂದೂ ಅದನ್ನು ಒಡೆಯುವ ಸುತ್ತಿಗೆಗಲ್ಲೂ ಇದ್ದವು. ಕಲ್ಲಿನ ಆಯುಧ ಮಾಡುವುದರಲ್ಲಿ ಅವನು ಕುಶಲಿಯಾಗಿದ್ದನೆಂದು ತೋರುತ್ತದೆ.

ಒಂದು ಎಚ್ಚರಿಕೆಯ ಮಾತು. ಹೇಜಲ್ಟನ್ ಒಂದರ ವಂಶಾವಳಿಯನ್ನು ಉಳಿದ ಎಲ್ಲ ದಿಬ್ಬಗಳಿಗೂ ಅನ್ವಯಿಸಬಾರದು. ಜೊತೆಗೆ, ಒಂದು ದಿಬ್ಬದಲ್ಲಿ ಮೂವತ್ತು ನಲವತ್ತು ಮಂದಿಯಂತೆ ಲೆಕ್ಕ ಹಾಕಿದರೂ, ನಾಲ್ಕು ಶತಮಾನಗಳಲ್ಲಿ ಬದುಕಿ ಸತ್ತ ಜನರಲ್ಲಿ ಬಹಳ ಚಿಕ್ಕ ಪಾಲು ಮಾತ್ರ ಈ ಸಮಾಧಿಗಳಿಗೆ ಸೇರಿತು. ಉಳಿದವರ ಅಂತ್ಯಸಂಸ್ಕಾರದ ಕುರುಹು ನೆಲದಲ್ಲಿ ಹೆಚ್ಚಾಗಿ ಉಳಿದಿಲ್ಲ.

ಪ್ರಶ್ನೆ: ದಿಬ್ಬವನ್ನು ಅಷ್ಟು ಉದ್ದ ಕಟ್ಟಿದ್ದರ ಉದ್ದೇಶವೇನು?
(ಓದುಗರು, ಚಿತ್ರದುರ್ಗ ಮತ್ತು ಉಡುಪಿ)

ಉತ್ತರ: ಮೊದಲ ಉತ್ತರದಲ್ಲಿ ಬಾಕಿ ಉಳಿಸಿದ್ದು ಇದನ್ನೇ. ಯುರೋಪಿನ ನಡುಭಾಗದ ಮೊದಲ ಬೇಸಾಯಗಾರರು ಮರದ ಕಂಬಗಳನ್ನು ಸಾಲಾಗಿ ನೆಟ್ಟು ಬಹಳ ಉದ್ದನೆಯ ಮನೆಗಳನ್ನು ಕಟ್ಟುತ್ತಿದ್ದರು. ಆ ಮನೆಗಳ ಕಾಲ ಮುಗಿದ ಮೇಲೆ, ಪೋಲೆಂಡಿನ ಕುಯಾವಿಯಾ ಪ್ರದೇಶದಲ್ಲಿಯೂ ಉತ್ತರ ಜರ್ಮನಿ ಮತ್ತು ಡೆನ್ಮಾರ್ಕ್‌ಗಳಲ್ಲಿಯೂ ಅದೇ ಆಕಾರದ ಮಣ್ಣಿನ ದಿಬ್ಬಗಳು ಸತ್ತವರಿಗಾಗಿ ಎದ್ದವು. ಫ್ರಾನ್ಸಿನ ಪಾಸಿ ಎಂಬಲ್ಲಿ ಇನ್ನೂರು ಮೀಟರ್ ಮೀರಿದ ಸಮಾಧಿ ಆವರಣಗಳಿವೆ. ಒಂದು ತುದಿ ಅಗಲ ಮತ್ತು ಎತ್ತರ, ಇನ್ನೊಂದು ತುದಿ ಕಿರಿದು ಮತ್ತು ತಗ್ಗು, ಅಗಲವಾದ ಕಡೆ ಬಾಗಿಲು, ಅದೂ ಹೆಚ್ಚಾಗಿ ಪೂರ್ವ ದಿಕ್ಕಿಗೆ: ಹೀಗೆ ಮನೆಗೂ ದಿಬ್ಬಕ್ಕೂ ಹೋಲಿಕೆ ಹಲವು ವಿವರಗಳಲ್ಲಿದೆ. ಬದುಕಿದ್ದವರ ಮನೆಯ ರೂಪದಲ್ಲೇ ಸತ್ತವರಿಗೂ ಮನೆ ಕಟ್ಟಿದರೆಂದು ಬಹಳ ಹಿಂದೆಯೇ ವಿದ್ವಾಂಸರು ವಾದಿಸಿದ್ದರು. ಹೆರೆಫರ್ಡ್‌ಷೈರ್‌ನ ಡಾರ್‌ಸ್ಟನ್ ಹಿಲ್ ಎಂಬಲ್ಲಿ ಕೀತ್ ರೇ ಮತ್ತು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಜೂಲಿಯನ್ ಥಾಮಸ್ ನಡೆಸಿದ ಉತ್ಖನನದಿಂದ ಆ ವಾದಕ್ಕೆ ಬಲ ಬಂದಿತು. 2013ರಲ್ಲಿ ಅಲ್ಲಿ ಉದ್ದ ದಿಬ್ಬಗಳ ಅಡಿಯಲ್ಲಿ ದೊಡ್ಡ ಮರದ ಮನೆಗಳ ಅವಶೇಷಗಳು ಕಂಡವು; ಆ ಮನೆಗಳನ್ನು ಬೇಕೆಂದೇ ಸುಟ್ಟು, ಬೂದಿ ಮತ್ತು ಬೆಂದ ಮಣ್ಣನ್ನೇ ಸೇರಿಸಿ ಮೇಲೆ ದಿಬ್ಬ ಕಟ್ಟಲಾಗಿತ್ತು.

ಶವವೇ ಇಲ್ಲದ ಉದ್ದ ದಿಬ್ಬಗಳೂ ಇವೆ. ಏವ್‌ಬರಿಯ ಸಮೀಪದ ಬೆಕ್‌ಹ್ಯಾಂಪ್ಟನ್ ರೋಡ್ ಎಂಬ ದಿಬ್ಬದಲ್ಲಿ ಮನುಷ್ಯರ ಬದಲು ಮೂರು ಎತ್ತಿನ ಬುರುಡೆಗಳು ಸಿಕ್ಕವು. ಅಲ್ಲಿಗೆ ಹತ್ತಿರದ ಸೌತ್ ಸ್ಟ್ರೀಟ್ ದಿಬ್ಬದಲ್ಲಿ ಅದೂ ಇಲ್ಲ. ಹೆಣೆದ ತಡಿಕೆಗಳಿಂದ ಅಂಕಣಗಳನ್ನು ಮಾಡಿ ಮಣ್ಣು ತುಂಬಿದ್ದಾರೆ, ದಿಬ್ಬದ ಕೆಳಗಿನ ಹಳೆಯ ನೆಲದಲ್ಲಿ ನೇಗಿಲಿನ ಗೆರೆಗಳು ಅಡ್ಡಉದ್ದವಾಗಿ ಹಾಗೆಯೇ ಉಳಿದಿವೆ. ಉತ್ತ ಹೊಲದ ಮೇಲೆ, ಶವವಿಲ್ಲದೆ, ಸಮಾಧಿಯ ಆಕಾರದಲ್ಲಿ ಕಟ್ಟಿದ ಈ ದಿಬ್ಬ ‘ಈ ನೆಲ ನಮ್ಮವರದು’ ಎಂದು ಸಾರುವುದಕ್ಕಾಗಿ ಇತ್ತೆಂದೇ ನಾನು ನಂಬುತ್ತೇನೆ. ಕಾಡು ಕಡಿದು ಹೊಲ ಮಾಡಿದವರಿಗೆ ಮೊದಲ ಬಾರಿಗೆ ಆಸ್ತಿಯೆಂಬುದು ಬಂದಿತ್ತು, ಅದರ ಜೊತೆಗೆ ಹಕ್ಕುದಾರಿಕೆಯ ಚಿಂತೆಯೂ ಬಂದಿತ್ತು. ದೂರದಿಂದಲೇ ಬೆಳ್ಳಗೆ ಕಾಣುವ ನೂರು ಮೀಟರಿನ ದಿಬ್ಬಕ್ಕಿಂತ ಗಟ್ಟಿಯಾದ ದಾಖಲೆಪತ್ರವನ್ನು ಅವರು ಬೇರೆ ಹೇಗೆ ಬರೆಯಬಹುದಿತ್ತು?

ಪ್ರಶ್ನೆ: ನಮ್ಮ ಹಿರೇಬೆಣಕಲ್ಲಿನ ಮೋರ್ಯರ ಮನೆಗಳಿಗೂ ಇವುಗಳಿಗೂ ನಂಟಿದೆಯೇ?
(ಓದುಗರು, ಗಂಗಾವತಿ)

ಉತ್ತರ: ನಂಟಿಲ್ಲ. ಹಿರೇಬೆಣಕಲ್ಲಿನ ಕಲ್ಲುಮನೆಗಳು ಬೃಹತ್ ಶಿಲಾ ಸಂಸ್ಕೃತಿಗೆ, ಅಂದರೆ ಕಬ್ಬಿಣದ ಬಳಕೆ ಬಂದ ಕಾಲಕ್ಕೆ ಸೇರಿದವು. ಉದ್ದ ದಿಬ್ಬಗಳಿಗಿಂತ ಎರಡೂವರೆ ಸಾವಿರ ವರ್ಷಗಳಷ್ಟು ಈಚಿನವು. ಆದರೆ ಈ ಪ್ರಶ್ನೆಗೆ ಒಂದು ಇತಿಹಾಸವಿದೆ. ಸುರಪುರ ಸಂಸ್ಥಾನದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್, ಭೀಮಾ ಮತ್ತು ಕೃಷ್ಣಾ ನದಿಗಳ ನಡುವಿನ ಕಲ್ಗೋರಿಗಳನ್ನು ಅಗೆಸಿ ನೋಡಿ, ಅವು ಬ್ರಿಟನ್ ಮತ್ತು ಫ್ರಾನ್ಸ್‌ಗಳ ಶಿಲಾ ಸಮಾಧಿಗಳಂತೆಯೇ ಇವೆಯೆಂದು ಬೆರಗಾಗಿ, ಎರಡನ್ನೂ ಕಟ್ಟಿದವರು ಒಂದೇ ಮೂಲದವರಿರಬೇಕೆಂದು 1860ರ ದಶಕದಲ್ಲಿ ಬರೆದರು. ಅವರ ನಕ್ಷೆಗಳೂ ಅಳತೆಗಳೂ ಇಂದಿಗೂ ಬೆಲೆಯುಳ್ಳವು. ತೀರ್ಮಾನ ಮಾತ್ರ ನಿಲ್ಲಲಿಲ್ಲ. ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನದಿಂದ ನಮ್ಮ ಸಮಾಧಿಗಳ ಕಾಲಾನುಕ್ರಮಕ್ಕೆ ಬೇರೆಯದೇ ಆದ ತಳಹದಿ ದೊರೆಯಿತು.

ನಮ್ಮ ನವಶಿಲಾಯುಗವನ್ನು ಇಂಗ್ಲೆಂಡಿನದರೊಡನೆ ಹೋಲಿಸಬೇಕೆಂದರೆ ನೋಡಬೇಕಾದುದು ಬೂದಿದಿಬ್ಬಗಳನ್ನು. ಬೂದಿಹಾಳದಂತಹ ಕಡೆ ದನಗಳ ಸಗಣಿಯನ್ನು ರಾಶಿ ಹಾಕಿ, ಮತ್ತೆ ಮತ್ತೆ ಸುಟ್ಟು ಆ ದಿಬ್ಬಗಳಾದವು. ಸತ್ತವರಿಗೆ ಅಲ್ಲಿ ಪ್ರತ್ಯೇಕ ಸ್ಮಾರಕ ಕಟ್ಟಲಿಲ್ಲ. ವಾಸದ ನೆಲೆಯೊಳಗೇ ಹೂಳುತ್ತಿದ್ದರು, ಎಳೆಯ ಮಕ್ಕಳನ್ನು ಮಡಕೆಯಲ್ಲಿಟ್ಟು ಮನೆಯ ಬಳಿಯಲ್ಲೇ ಹೂತಿದ್ದಾರೆ.

ಪ್ರಶ್ನೆ: ಈ ದಿಬ್ಬ ಕಟ್ಟಿದವರೇ ಇಂದಿನ ಇಂಗ್ಲಿಷರ ಪೂರ್ವಜರೇ?
(ಓದುಗರು, ತುಮಕೂರು)

ಉತ್ತರ: ಬಹಳ ಕಡಿಮೆ ಪ್ರಮಾಣದಲ್ಲಿ. ದಿಬ್ಬ ಕಟ್ಟಿದ ಬೇಸಾಯಗಾರರ ಮೂಲ ಬಹುಪಾಲು ಇಂದಿನ ತುರ್ಕಿಯ ಅನತೋಲಿಯಾ ಕಡೆಯದು. ಅಲ್ಲಿಂದ ಹಲವು ತಲೆಮಾರುಗಳಲ್ಲಿ ಯುರೋಪನ್ನು ದಾಟಿ ಅವರು ಬ್ರಿಟನ್ ಮುಟ್ಟಿದರು. ಕ್ರಿ.ಪೂ. 2450ರ ಸುಮಾರಿನಿಂದ ಯುರೋಪಿನ ಮುಖ್ಯ ಭೂಭಾಗದಿಂದ ಬೇರೊಂದು ಜನಸಮುದಾಯ ಬಂದು ನೆಲೆಸಿತು. ಕೆಲವೇ ಶತಮಾನಗಳಲ್ಲಿ ಬ್ರಿಟನ್ನಿನ ಜನರ ವಂಶವಾಹಿಗಳಲ್ಲಿ ಸುಮಾರು ಶೇಕಡ 90ರಷ್ಟು ಹೊಸಬರದಾಯಿತೆಂದು 2018ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನ ತೋರಿಸಿದೆ. ದುಂಡನೆಯ ಸಮಾಧಿ ದಿಬ್ಬಗಳ ಕಾಲ ಅಲ್ಲಿಂದ ಮುಂದಿನದು.

ಪ್ರಶ್ನೆ: ಕೆಲಸದ ನಿಮಿತ್ತ ಬ್ರಿಸ್ಟಲ್‌ನಲ್ಲಿದ್ದೇವೆ. ಮಕ್ಕಳೊಡನೆ ಹೋಗಿ ಒಳಗೆ ಇಳಿದು ನೋಡಬಹುದಾದ ಉದ್ದ ದಿಬ್ಬ ಯಾವುದು?
(ಬ್ರಿಸ್ಟಲ್‌ನಲ್ಲಿ ನೆಲೆಸಿರುವ ಕನ್ನಡಿಗ ದಂಪತಿ)

ಉತ್ತರ: ತಮಗೆ ಸಮೀಪವಾದದ್ದು ಸಾಮರ್‌ಸೆಟ್‌ನ ಸ್ಟೋನಿ ಲಿಟಲ್ಟನ್. ಸುಮಾರು 30 ಮೀಟರ್ ಉದ್ದದ ಚಿಕ್ಕ ದಿಬ್ಬ. ಓಣಿ ತಗ್ಗಾಗಿರುವುದರಿಂದ ದೊಡ್ಡವರು ಬಹಳ ಬಾಗಿ ಹೋಗಬೇಕು, ಮಕ್ಕಳಿಗೆ ಕಷ್ಟವಿಲ್ಲ. ಬಾಗಿಲಿನ ಪಕ್ಕದ ಕಲ್ಲಿನಲ್ಲಿ ಸುರುಳಿಯಾಕಾರದ ದೊಡ್ಡ ಪಳೆಯುಳಿಕೆಯ ಅಚ್ಚೊಂದಿದೆ. ಕಟ್ಟಿದವರು ಆ ಕಲ್ಲನ್ನು ಆರಿಸಿ ತಂದು ಎಲ್ಲರಿಗೂ ಕಾಣುವಂತೆ ಅಲ್ಲಿ ನಿಲ್ಲಿಸಿದರೆಂದು ತೋರುತ್ತದೆ. ಮಕ್ಕಳಿಗೆ ಮೊದಲು ಅದನ್ನೇ ತೋರಿಸಿ. ನೆಟ್ಟಗೆ ನಿಂತು ನೋಡಬೇಕೆಂದಿದ್ದರೆ ವೆಸ್ಟ್ ಕೆನೆಟ್‌ಗೆ ಹೋಗಬೇಕು. ಸಿಲ್‌ಬರಿ ಹಿಲ್ ಎಂಬ ಬೃಹತ್ ಮಾನವನಿರ್ಮಿತ ಗುಡ್ಡದ ಎದುರು ರಸ್ತೆಯ ಬಳಿ ವಾಹನ ನಿಲ್ಲಿಸಿ, ಹೊಲಗಳ ನಡುವಿನ ಕಾಲುದಾರಿಯಲ್ಲಿ ಏರಬೇಕು. ಪ್ರವೇಶ ಶುಲ್ಕವಿಲ್ಲ. ವೇಲ್ಯಾಂಡ್ಸ್ ಸ್ಮಿಥಿಗೆ ರಿಡ್ಜ್‌ವೇ ಎಂಬ ಪುರಾತನ ದಾರಿಯಲ್ಲಿ ನಡೆದೇ ಹೋಗಬೇಕು. ಲಾಳ ಕಳೆದುಕೊಂಡ ಕುದುರೆಯನ್ನೂ ಒಂದು ನಾಣ್ಯವನ್ನೂ ಅಲ್ಲಿ ಬಿಟ್ಟು ಹೋದರೆ ಕಣ್ಣಿಗೆ ಕಾಣದ ಕಮ್ಮಾರ ವೇಲ್ಯಾಂಡ್ ಲಾಳ ಹೊಡೆದಿಡುತ್ತಾನೆಂಬುದು ಅಲ್ಲಿನ ಜನರ ಹಳೆಯ ನಂಬಿಕೆ.

ಟಾರ್ಚ್ ಒಯ್ಯಿರಿ, ಮಳೆಗಾಲಕ್ಕೂ ಚಳಿಗಾಲಕ್ಕೂ ಕೆಸರಿಗೆ ಒಗ್ಗುವ ಬೂಟು ಬೇಕು. ಕೋಣೆಗಳ ಒಳಗೆ ಮೇಣದಬತ್ತಿ ಅಥವಾ ದೀಪ ಹಚ್ಚಬೇಡಿ. ಭಕ್ತಿಯಿಂದ ಹಚ್ಚುವವರು ಅನೇಕರಿದ್ದಾರೆ, ಆದರೆ ಬಿಸಿಗೆ ಕಲ್ಲು ಸೀಳುತ್ತದೆ, ಹೊಗೆ ಮತ್ತು ಮೇಣದ ಕಲೆಯನ್ನು ತೆಗೆಯಲಾಗುವುದಿಲ್ಲ.